ಮಗ ಬದಲಾದನಾ? ಹದಿಹರೆಯದ ಖಿನ್ನತೆ ಗುರುತಿಸಿ ಸಹಾಯ ಪಡೆಯುವ ದಾರಿ

ನನ್ನ ಅಕ್ಕನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ಅವನ ಊಟದ ಡಬ್ಬಿ ತುಂಬಿದ ಹಾಗೇ ವಾಪಸ್ ಬರತೊಡಗಿತು. ಚಿತ್ರಾನ್ನ ಮುಟ್ಟಿರುತ್ತಿರಲಿಲ್ಲ, ಕಡಲೆಬೀಜ ಮಾತ್ರ ಆರಿಸಿ ತಿಂದಿರುತ್ತಿದ್ದ. ಅಕ್ಕ ಬೈದಳು. ಆಮೇಲೆ ಚಪಾತಿ ಹಾಕಿ ಕಳಿಸಿದಳು. ಅದೂ ವಾಪಸ್ ಬಂತು. ಭಾನುವಾರದ ಕ್ರಿಕೆಟ್ ನಿಂತಿತು. ಏನಾದರೂ ಕೇಳಿದರೆ ಬಾಗಿಲು ದಢಾರ್ ಅಂತ ಹಾಕಿಕೊಳ್ಳುತ್ತಿದ್ದ. ಭಾವ 'ಕೊಬ್ಬು ಜಾಸ್ತಿಯಾಗಿದೆ' ಅಂದರು. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ನಾನೂ 'ವಯಸ್ಸಲ್ವಾ, ಸರಿ ಹೋಗ್ತಾನೆ ಬಿಡು' ಅಂದೆ. ಹಾಗೇ ನಾಲ್ಕು ತಿಂಗಳು ಕಳೆಯಿತು.

ಅವನಿಗೆ ಇದ್ದದ್ದು ಖಿನ್ನತೆ. ಆ ನಾಲ್ಕು ತಿಂಗಳಲ್ಲಿ ನಾವು ಏನು ನೋಡಬೇಕಿತ್ತು, ಏನು ಕೇಳಬೇಕಿತ್ತು, ಎಲ್ಲಿಗೆ ಹೋಗಬೇಕಿತ್ತು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿ ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನ ಮಾಡಬೇಡಿ. ಡಾಕ್ಟರ ಹತ್ತಿರ ಹೋಗಬೇಕಾ ಅಂತ ತೀರ್ಮಾನ ಮಾಡಲು ಇಷ್ಟು ಸಾಕು.

ಮೊದಲನೆಯದು: ಅಳು ಹುಡುಕಬೇಡಿ, ಬದಲಾವಣೆ ಹುಡುಕಿ

ಖಿನ್ನತೆ ಅಂದ ತಕ್ಷಣ ಮೂಲೆಯಲ್ಲಿ ಕೂತು ಅಳುವ ಮಗು ಕಣ್ಣ ಮುಂದೆ ಬರುತ್ತದೆ. ಹದಿಹರೆಯದಲ್ಲಿ ಹಾಗೆ ಕಾಣುವುದು ಕಡಿಮೆ. ಬೇಸರದ ಜಾಗದಲ್ಲಿ ಸಿಡುಕು ಬಂದಿರುತ್ತದೆ. ಮುಟ್ಟಿದರೆ ಮುನಿ. ಈ ವಯಸ್ಸಿನವರಲ್ಲಿ ಸಿಡುಕನ್ನೂ ಖಿನ್ನತೆಯ ಮುಖ್ಯ ಲಕ್ಷಣ ಅಂತಲೇ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ನಾವು ಅದಕ್ಕೇ ಎಡವಿದ್ದು. ಅಳದ ಮಗನಿಗೆ ಬೇಜಾರು ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು ತಪ್ಪು, ಪಕ್ಕದ ಮನೆ ಹುಡುಗನ ಜೊತೆ ಹೋಲಿಸುವುದು. ಮೊದಲಿಂದಲೂ ಮಾತು ಕಡಿಮೆ ಇರುವ ಮಗು ಈಗಲೂ ಸುಮ್ಮನಿದ್ದರೆ ಅದು ಅದರ ಸ್ವಭಾವ. ಅಡುಗೆಮನೆ ಕಟ್ಟೆ ಮೇಲೆ ಕೂತು ಇಡೀ ಶಾಲೆಯ ಕತೆ ಹೇಳುತ್ತಿದ್ದವಳು ಮೂರು ವಾರದಿಂದ 'ಹ್ಞೂಂ', 'ಉಹ್ಞೂಂ' ಅಷ್ಟೇ ಅನ್ನುತ್ತಿದ್ದರೆ ಅದು ಬದಲಾವಣೆ. ಆರು ತಿಂಗಳ ಹಿಂದಿನ ನಿಮ್ಮ ಮಗುವನ್ನು ನೆನಪು ಮಾಡಿಕೊಂಡು ಇವತ್ತಿನ ಮಗುವಿನ ಪಕ್ಕ ಇಟ್ಟು ನೋಡಿ.

ನಿದ್ದೆ, ಊಟ ಎರಡೂ ಮೊದಲು ಕೆಡುತ್ತವೆ. ರಾತ್ರಿ ಎರಡು ಗಂಟೆವರೆಗೆ ನಿದ್ದೆ ಇಲ್ಲ, ಇಲ್ಲವೇ ಶಾಲೆಯಿಂದ ಬಂದು ಯೂನಿಫಾರ್ಮ್‌ನಲ್ಲೇ ಮಲಗಿದವನು ಊಟಕ್ಕೂ ಏಳುವುದಿಲ್ಲ. ಕೆಲವರು ತಿನ್ನುವುದನ್ನೇ ಬಿಡುತ್ತಾರೆ, ಕೆಲವರು ಸುಮ್ನೆ ತಿನ್ನುತ್ತಲೇ ಇರುತ್ತಾರೆ. ಇಷ್ಟದ ವಿಷಯ ಇಷ್ಟವಾಗುವುದು ನಿಲ್ಲುತ್ತದೆ. ಸ್ನಾನ, ಬಟ್ಟೆ, ತಲೆ ಬಾಚುವುದು ಯಾವುದೂ ಬೇಡ. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ತಲೆನೋವು ಬರುತ್ತದೆ. ಸ್ಕ್ಯಾನ್ ಮಾಡಿಸಿದರೆ ಏನೂ ಇರುವುದಿಲ್ಲ. ಅದು ನಾಟಕ ಅಂತ ತಿಳಿಯಬೇಡಿ, ನೋವು ನಿಜವಾಗಿಯೂ ಇರುತ್ತದೆ. 'ನಾನು ದಂಡ', 'ನನ್ನಿಂದ ನಿಮಗೆ ಬರೀ ಖರ್ಚು' ಅನ್ನುವ ಮಾತು ಬಾಯಿಗೆ ಬರುತ್ತದೆ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿದ್ದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿರಬಹುದಾ ಅಂತ ಮೆಲ್ಲಗೆ ವಿಚಾರಿಸಬೇಕು.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬೇರೆ. ಮೈನೆರೆದ ಮೇಲಿನ ವಯಸ್ಸಿನಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಜಾಸ್ತಿ. ಆದರೂ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಯಾಕೆ ಗೊತ್ತಾ? ಹುಡುಗಿ ಸುಮ್ಮನಾದರೆ 'ಈಗ ಗಂಭೀರ ಬಂದಿದೆ ನೋಡಿ' ಅಂತ ನೆಂಟರು ಮೆಚ್ಚುತ್ತಾರೆ. ಮಾರ್ಕ್ಸ್ ಇಳಿಯದ ಮಕ್ಕಳೂ ಹೀಗೇ ಕಣ್ತಪ್ಪುತ್ತಾರೆ. ನನ್ನ ಕ್ಲಾಸಿನ ಒಬ್ಬಳು ಫಸ್ಟ್ ರ‍್ಯಾಂಕ್ ಬಿಡಲೇ ಇಲ್ಲ, ಆದರೆ ಆ ವರ್ಷವಿಡೀ ಅವಳು ನಕ್ಕಿದ್ದು ನನಗೆ ನೆನಪಿಲ್ಲ.

ಹಾಗಾದರೆ ವಯಸ್ಸಿನ ಸಹಜ ಸಿಡುಕು ಯಾವುದು? ಅದು ಬಂದು ಹೋಗುತ್ತದೆ. ನಿಮ್ಮ ಮೇಲೆ ರೇಗಿದವನು ಹತ್ತು ನಿಮಿಷಕ್ಕೆ ಫ್ರೆಂಡ್ ಜೊತೆ ಫೋನಿನಲ್ಲಿ ನಗುತ್ತಾನೆ. ಖಿನ್ನತೆ ಹಾಗೆ ಬಿಡುವು ಕೊಡುವುದು ಅಪರೂಪ. ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕಿಂತ ಮೇಲೆ ಹೀಗೇ ಇದ್ದು, ಶಾಲೆ, ಸ್ನೇಹ, ಮನೆ ಇವುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸುವ ಹೊತ್ತಾಯಿತು ಅಂತ ಅರ್ಥ.

ಇದು ಅಪರೂಪದ ತೊಂದರೆ ಅಂದುಕೊಳ್ಳಬೇಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರೋ ನಾಲ್ಕೋ ಮಂದಿ. ಈ ಲೆಕ್ಕ ಓದಿದ ಮಾರನೇ ದಿನ ಹಾಜರಿ ಕೂಗುವಾಗ ನನಗೆ ಕಸಿವಿಸಿಯಾಯಿತು.

ಎರಡನೆಯದು: ಎರಡು ವಾರ ಬರೆದಿಡಿ

ನಲವತ್ತು ಪುಟದ ನೋಟ್‌ಬುಕ್ ಸಾಕು. ಅಕ್ಕ ಬರೆದಿದ್ದು ಹೀಗಿತ್ತು: 'ಮಂಗಳವಾರ. ರಾತ್ರಿ 2.30ಕ್ಕೆ ಎದ್ದಾಗ ಲೈಟ್ ಉರೀತಿತ್ತು. ಬೆಳಿಗ್ಗೆ ಅರ್ಧ ದೋಸೆ. ಟ್ಯೂಷನ್‌ಗೆ ಹೋಗಲಿಲ್ಲ. ತಂಗಿ ಪೆನ್ಸಿಲ್ ಮುಟ್ಟಿದ್ದಕ್ಕೆ ಕಿರುಚಾಡಿದ, ಆಮೇಲೆ ಅವನೇ ಅತ್ತ.' ಅಷ್ಟೇ. ಕಾರಣ ಹುಡುಕಬೇಡಿ, ನಿಮ್ಮ ಅಭಿಪ್ರಾಯವೂ ಬೇಡ. ಕಂಡದ್ದು ಮಾತ್ರ ಬರೆಯಿರಿ. ಡಾಕ್ಟರ ಎದುರು ಕೂತಾಗ ಅರ್ಧ ಮರೆತುಹೋಗಿರುತ್ತದೆ, ಆಗ ಈ ಪುಸ್ತಕ ಕೆಲಸಕ್ಕೆ ಬರುತ್ತದೆ. ಮಗುವಿನ ಬ್ಯಾಗ್, ಫೋನ್, ಡೈರಿ ಕದ್ದು ನೋಡಲು ಹೋಗಬೇಡಿ. ಸಿಕ್ಕಿಬಿದ್ದರೆ ಆಮೇಲೆ ನಿಮ್ಮ ಹತ್ತಿರ ಅದು ಬಾಯಿ ಬಿಡುವುದಿಲ್ಲ.

ಸಾಯುವ ಮಾತು ಬಂದಿದ್ದರೆ ಈ ಎರಡು ವಾರದ ಲೆಕ್ಕ ಬೇಡ, ನಾಲ್ಕನೆಯದಕ್ಕೆ ಹೋಗಿ.

ಮಗು ಹಾಸ್ಟೆಲ್‌ನಲ್ಲಿದ್ದರೆ ಬರೆದಿಡುವುದು ಕಷ್ಟ. ಪಿಯುಸಿಗೆ ಅಂತ ಕರಾವಳಿಯ ಕಡೆಗೋ ಬೆಂಗಳೂರಿಗೋ ಬಿಟ್ಟು ಬಂದವರು ನಮ್ಮೂರಲ್ಲೇ ಎಷ್ಟೋ ಮಂದಿ ಇದ್ದಾರೆ. ವಾರಕ್ಕೊಂದು ಫೋನ್, ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ಟೆಸ್ಟ್ ಮಾರ್ಕ್ಸ್. ಒಂದು ವಾರ ಮಾರ್ಕ್ಸ್ ಕೇಳದೆ ಬರೀ ಊಟ, ನಿದ್ದೆ, ರೂಮ್‌ಮೇಟ್ ವಿಷಯ ಕೇಳಿ ನೋಡಿ. ದನಿ ತಗ್ಗಿದೆ ಅನ್ನಿಸಿದರೆ ವಾರ್ಡನ್ನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಬಸ್ ಹತ್ತಿ.

ಮೂರನೆಯದು: ಮಾತು

'ಬಾ ಇಲ್ಲಿ, ಕೂತ್ಕೋ, ಮಾತಾಡಬೇಕು' ಅಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಎದುರುಬದುರು ಕೂತರೆ ವಿಚಾರಣೆಯಾಗುತ್ತದೆ. ಪಕ್ಕದಲ್ಲಿರಿ. ಹುರುಳಿಕಾಯಿ ಸೋಸುತ್ತಾ, ಬೈಕಿನಲ್ಲಿ ಹೋಗುತ್ತಾ, ಮಹಡಿ ಮೇಲೆ ಬಟ್ಟೆ ತೆಗೆಯುತ್ತಾ ಕೇಳಿ.

ನಾನು ಅವನನ್ನು ರಾಗಿ ಬೀಸಿಸಲು ಗಿರಣಿಗೆ ಕರೆದುಕೊಂಡು ಹೋದೆ. ಸ್ಕೂಟರಿನಲ್ಲಿ ಅವನು ಹಿಂದೆ, ಚೀಲ ಮಧ್ಯೆ.

'ಡಬ್ಬಿ ವಾಪಸ್ ಬರ್ತಿದೆಯಂತೆ ಕಣೋ. ಮ್ಯಾಚ್‌ಗೂ ಹೋಗ್ತಿಲ್ಲ. ಬೈಯೋಕೆ ಕೇಳ್ತಿಲ್ಲ.'

'ಏನಿಲ್ಲ ಚಿಕ್ಕಮ್ಮ.'

ನಾನು ಮತ್ತೆ ಕೇಳಲಿಲ್ಲ. ಗಿರಣಿಯಲ್ಲಿ ಕ್ಯೂ ಇತ್ತು, ಮಷೀನಿನ ಸದ್ದು ಬೇರೆ. ಆ ಸದ್ದಿನಲ್ಲಿ ಅವನೇ ಹೇಳಿದ: 'ಏನ್ ತಿಂದ್ರೂ ಒಂದೇ ಥರ ಇರುತ್ತೆ ಚಿಕ್ಕಮ್ಮ. ಬೆಳಿಗ್ಗೆ ಯಾಕಾದ್ರೂ ಎಚ್ಚರ ಆಗುತ್ತೋ ಅನ್ಸುತ್ತೆ.'

ನನಗೆ ಬುದ್ಧಿ ಹೇಳಬೇಕು ಅನ್ನಿಸಿತು. ಮೇಷ್ಟ್ರುಗಳ ಚಾಳಿ ಅದು. ಹೇಗೋ ತಡೆದುಕೊಂಡು 'ಎಷ್ಟು ದಿನದಿಂದ ಹೀಗೆ?' ಅಂತಷ್ಟೇ ಕೇಳಿದೆ. 'ಗಣೇಶನ ಹಬ್ಬಕ್ಕೂ ಮುಂಚೆಯಿಂದ' ಅಂದ. ಆಗಲೇ ದೀಪಾವಳಿ ಕಳೆದಿತ್ತು.

'ನಿನಗೇನು ಕಡಿಮೆ ಮಾಡಿದ್ದೀವಿ?', 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ', 'ಧೈರ್ಯವಾಗಿರು', 'ಫೋನ್ ಬಿಡು, ಎಲ್ಲಾ ಸರಿ ಹೋಗುತ್ತೆ' ಈ ನಾಲ್ಕು ಮಾತು ಬೇಡ. ಒಂದೊಂದೂ ಬಾಗಿಲು ಹಾಕುವ ಮಾತು. 'ಕಷ್ಟ ಆಗ್ತಿದೆ ಅಲ್ವಾ', 'ಹೇಳಿದ್ದು ಒಳ್ಳೇದಾಯ್ತು', 'ಇದಕ್ಕೆ ಔಷಧಿ ಇದೆ, ನಾನು ಜೊತೆಗೆ ಬರ್ತೀನಿ' ಇಷ್ಟು ಸಾಕು. 'ಯಾರಿಗೂ ಹೇಳಬೇಡ' ಅಂತ ಮಗು ಕೇಳಿದರೆ ಮಾತು ಕೊಡಬೇಡಿ. 'ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿನಗೆ ತಿಳಿಸ್ತೀನಿ' ಅನ್ನಿ.

ಯಾರೋ ಮೈಮುಟ್ಟಿದ ವಿಷಯ ಮಗು ಹೇಳಿದರೆ 'ನೀನು ಯಾಕೆ ಅಲ್ಲಿಗೆ ಹೋದೆ' ಅಂತ ಮಾತ್ರ ಕೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಅದನ್ನು ತಿಳಿಸಲೇಬೇಕು, ಮುಚ್ಚಿಡುವ ಹಾಗಿಲ್ಲ.

ನಾಲ್ಕನೆಯದು: ಸಾವಿನ ಬಗ್ಗೆ ನೇರವಾಗಿ ಕೇಳಿ

ಇಲ್ಲಿ ಎಲ್ಲರಿಗೂ ಬಾಯಿ ಕಟ್ಟುತ್ತದೆ. 'ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು' ಅನ್ನುವ ಭಯ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಳಗೆ ಹೊತ್ತುಕೊಂಡಿದ್ದವರಿಗೆ ಅದನ್ನು ಕೆಳಗಿಳಿಸಲು ಜಾಗ ಸಿಗುತ್ತದೆ. 'ಬದುಕೋದೇ ಬೇಡ ಅನ್ಸುತ್ತಾ?' ಅಂತ ಕೇಳಿ. ಹೌದು ಅಂದರೆ, 'ಸಾಯೋ ಯೋಚನೆ ಬರುತ್ತಾ? ಹೇಗೆ, ಯಾವಾಗ ಅಂತ ಏನಾದರೂ ಅಂದುಕೊಂಡಿದ್ದೀಯಾ?' ಅಂತ ಮುಂದುವರಿಸಿ. ದನಿ ಏರಿಸಬೇಡಿ, ಆಣೆ ಹಾಕಿಸಿಕೊಳ್ಳಬೇಡಿ.

ಹೌದು ಅಂದ ಮಗುವನ್ನು ಒಂಟಿಯಾಗಿ ಬಿಡಬೇಡಿ. ರಾತ್ರಿ ಒಬ್ಬರು ಅದೇ ರೂಮಿನಲ್ಲಿ ಮಲಗಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವತ್ತೇ ಮನೆಯಿಂದ ಆಚೆ ಸಾಗಿಸಿ, ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ. ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳಿಗೂ ಬೀಗ ಬೇಕು. ಕೈಗೆ ಸಿಗದ ಹಾಗೆ ಮಾಡುವುದು ಸಣ್ಣ ಕೆಲಸ ಅನ್ನಿಸಬಹುದು. ಆ ತೀವ್ರ ಗಳಿಗೆ ಎಷ್ಟೋ ಸಲ ಬೇಗ ಕಳೆದುಹೋಗುತ್ತದೆ, ಅಷ್ಟು ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಈಗಲೇ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ, ಅಥವಾ ಮಾಡಿಕೊಂಡಿದ್ದರೆ, 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. 'ಪೊಲೀಸ್ ಕೇಸ್ ಆಗುತ್ತೆ' ಅಂತ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರನ್ನು ಶಿಕ್ಷಿಸುವ ಹಾಗಿಲ್ಲ.

ಐದನೆಯದು: ಎಲ್ಲಿಗೆ ಹೋಗಬೇಕು

ಯಾರಿಗೂ ಮುಖ ತೋರಿಸದೆ ಶುರು ಮಾಡಬೇಕು ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ. ನಂಬರ್ 14416, ಅಥವಾ 1800-891-4416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಮಾಡಬಹುದು, ಮಗುವೇ ಮಾಡಬಹುದು. ನಾನು ಮೊದಲು ಮಾಡಿದ್ದು ಇಲ್ಲಿಗೇ, ಸ್ಟಾಫ್ ರೂಮಿನ ಹಿಂದೆ ನಿಂತುಕೊಂಡು.

ತಾಲ್ಲೂಕು ಆಸ್ಪತ್ರೆಯನ್ನು ಮರೆಯಬೇಡಿ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಿಕೊಂಡು ಹೋಗಿ, ಬರೀ ಬಸ್ ಚಾರ್ಜ್ ದಂಡವಾಗಬಾರದು. ಹದಿಹರೆಯದವರಿಗೇ ಅಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ. ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ, ಬಿಪಿಎಲ್ ಕಾರ್ಡ್ ಇದ್ದರೆ ತಗೊಂಡು ಹೋಗಿ, ಬುತ್ತಿ ಕಟ್ಟಿಕೊಳ್ಳಿ.

ಎಲ್ಲರೂ ನಿಮ್ಹಾನ್ಸ್‌ಗೇ ಹೋಗಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ. ಹದಿನೈದು ದಿನಕ್ಕೊಮ್ಮೆ ಹೋಗಿ ಬರಲು ಆಗುವ ಡಾಕ್ಟರೇ ಒಳ್ಳೆಯ ಡಾಕ್ಟರ್. ದೂರದ ಊರಿಗೆ ಒಂದು ಸಲ ಹೋಗಿ ಆಮೇಲೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಖಾಸಗಿಯಲ್ಲಿ ತೋರಿಸುವುದಾದರೆ ಒಂದು ವ್ಯತ್ಯಾಸ ತಿಳಿದಿರಲಿ. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಅದೇ ವಿಷಯ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. 'ಕೌನ್ಸೆಲಿಂಗ್' ಅನ್ನುವ ಬೋರ್ಡ್ ಯಾರು ಬೇಕಾದರೂ ಹಾಕುತ್ತಾರೆ. ನಾವೂ ಒಬ್ಬರ ಹತ್ತಿರ ಹೋಗಿದ್ದೆವು. ಒಂದೂವರೆ ಗಂಟೆ ಗುರಿ, ಛಲ, ಸಾಧನೆ ಅಂತ ಭಾಷಣ ಮಾಡಿದರು. ಹುಡುಗ ನೆಲ ನೋಡುತ್ತಾ ಕೂತಿದ್ದ. ಅದಕ್ಕೂ ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ 'ಎಕ್ಸಾಂ ಟೆನ್ಷನ್' ಅಂತ ಟಾನಿಕ್ ಬರೆದುಕೊಟ್ಟಿದ್ದರು. ಸರಿ ಅನ್ನಿಸದಿದ್ದರೆ ಡಾಕ್ಟರನ್ನು ಬದಲಿಸಿ, ಚಿಕಿತ್ಸೆಯನ್ನೇ ಬಿಡಬೇಡಿ.

ಆರನೆಯದು: ಮೊದಲ ದಿನ ಏನಾಗುತ್ತದೆ

ಡಾಕ್ಟರು ನಿಮ್ಮನ್ನು ಕೇಳುತ್ತಾರೆ, ಆಮೇಲೆ ನಿಮ್ಮನ್ನು ಹೊರಗೆ ಕಳಿಸಿ ಮಗುವಿನ ಜೊತೆ ಒಂಟಿಯಾಗಿ ಮಾತಾಡುತ್ತಾರೆ. ಭಾವನಿಗೆ ಇದು ಹಿಡಿಸಲಿಲ್ಲ, ಕಾರಿಡಾರಿನಲ್ಲಿ ಅತ್ತಿತ್ತ ಓಡಾಡಿದರು. ಒಳ್ಳೆಯ ಡಾಕ್ಟರು ಹೀಗೇ ಮಾಡುವುದು. ಮಗು ಅಲ್ಲಿ ಹೇಳಿದ್ದೆಲ್ಲ ನಿಮಗೆ ಹೇಳುವುದಿಲ್ಲ, ಜೀವಕ್ಕೆ ಅಪಾಯದ ವಿಷಯವಿದ್ದರೆ ಹೇಳುತ್ತಾರೆ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಲ್ಲೂ ಸುಸ್ತು, ಬೇಸರ ಇರುವುದರಿಂದ ರಕ್ತ ಪರೀಕ್ಷೆ ಬರೆಯಬಹುದು. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತಾ, ಯಾರಾದರೂ ಜೀವ ಕಳೆದುಕೊಂಡಿದ್ದಾರಾ ಅಂತ ಕೇಳಿದರೆ ಮುಚ್ಚಿಡಬೇಡಿ. ಮರ್ಯಾದೆಗೆ ಅಂಜಿ 'ಯಾರೂ ಇಲ್ಲ' ಅಂದರೆ ಔಷಧಿ ಆರಿಸುವುದೇ ತಪ್ಪಬಹುದು.

ಏಳನೆಯದು: ಚಿಕಿತ್ಸೆ

ತೊಂದರೆ ಸಣ್ಣದಿದ್ದರೆ ಮಾತಿನ ಚಿಕಿತ್ಸೆಯಿಂದಲೇ ಶುರು ಮಾಡುತ್ತಾರೆ. ಅಲ್ಲಿ ಉಪದೇಶ ಇರುವುದಿಲ್ಲ. 'ನನ್ನಿಂದ ಏನೂ ಆಗಲ್ಲ' ಅನ್ನುವ ಯೋಚನೆಯನ್ನು ಹಿಡಿದು ಪರೀಕ್ಷೆ ಮಾಡಲು ಕಲಿಸುತ್ತಾರೆ, ಬಿಟ್ಟುಹೋದ ಕೆಲಸಗಳನ್ನು ಚೂರುಚೂರಾಗಿ ವಾಪಸ್ ತರಿಸುತ್ತಾರೆ. ನಮ್ಮ ಹುಡುಗನಿಗೆ ಮೊದಲ ವಾರ ಕೊಟ್ಟ ಕೆಲಸ ದಿನಾ ಸಂಜೆ ಗ್ರೌಂಡಿನ ತನಕ ನಡೆದು ಹೋಗಿ ಬರುವುದು. ಆಡಬೇಕು ಅಂತ ಇರಲಿಲ್ಲ. ಮೂರನೇ ವಾರ ಅವನೇ ಅಂಪೈರಿಂಗ್‌ಗೆ ನಿಂತ.

ತೊಂದರೆ ಜಾಸ್ತಿ ಇದ್ದರೆ ಮಾತ್ರೆಯೂ ಬೇಕಾಗುತ್ತದೆ. ಈ ವಯಸ್ಸಿನವರಿಗೆ ಹೆಚ್ಚಾಗಿ ಮೊದಲು ಬರೆಯುವುದು ಫ್ಲೂಆಕ್ಸೆಟಿನ್. ನಾವು ತಿಳಿಯದೆ ಗಾಬರಿಯಾದ ಸಂಗತಿಗಳು ಇವು. ಮಾತ್ರೆ ತಗೊಂಡ ಮಾರನೇ ದಿನ ಏನೂ ಆಗುವುದಿಲ್ಲ. ಪೂರ್ತಿ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ನಿದ್ದೆಯಲ್ಲಿ ಏರುಪೇರು ಇರಬಹುದು. ಇಂಥ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅದಕ್ಕೆ ಹೆದರಿ ಮಾತ್ರೆ ಬಿಡುವುದಲ್ಲ, ಆ ವಾರಗಳಲ್ಲಿ ಕಣ್ಣಿಟ್ಟಿರುವುದು, ಡಾಕ್ಟರು ಬರಹೇಳಿದ ದಿನ ತಪ್ಪಿಸದಿರುವುದು. ಇದ್ದಕ್ಕಿದ್ದಂತೆ ನಿದ್ದೆಯೇ ಬೇಡವಾಗಿ, ಮಿತಿಮೀರಿದ ಹುರುಪು, ಮಾತು ಶುರುವಾದರೂ ಫೋನ್ ಮಾಡಿ ತಿಳಿಸಿ. ಮಾತ್ರೆ ಚಟವಾಗುವುದಿಲ್ಲ. ಆದರೆ 'ಈಗ ಹುಷಾರಾಗಿದ್ದಾನಲ್ಲ' ಅಂತ ಒಮ್ಮೆಗೇ ನಿಲ್ಲಿಸಬೇಡಿ. ಗುಣವಾದ ಮೇಲೂ ಸುಮಾರು ಆರು ತಿಂಗಳಿಂದ ವರ್ಷದ ತನಕ ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಮಾತ್ರೆ ಡಬ್ಬಿ ದೊಡ್ಡವರ ಹತ್ತಿರವೇ ಇರಲಿ.

ಮನೆ, ಶಾಲೆ, ನಾಲ್ಕು ಜನ

ಕ್ಲಾಸ್ ಟೀಚರಿಗೆ ಹೇಳಿ, ಇಡೀ ಸ್ಟಾಫಿಗೆ ಬೇಕಿಲ್ಲ. 'ಚಿಕಿತ್ಸೆಯಲ್ಲಿದ್ದಾನೆ, ಬೋರ್ಡ್ ಹತ್ತಿರ ನಿಲ್ಲಿಸಿ ಪ್ರಶ್ನೆ ಕೇಳಬೇಡಿ, ಹಾಜರಿ ಕಡಿಮೆಯಾದರೆ ಮೊದಲೇ ತಿಳಿಸಿ' ಅಂದರೆ ಸಾಕು. ಸರ್ಟಿಫಿಕೇಟ್ ಬೇಕಾದರೆ ಡಾಕ್ಟರು ಕೊಡುತ್ತಾರೆ. ಪರೀಕ್ಷೆ ಬಗ್ಗೆ ಮಗುವಿಗೆ ಒಂದು ವಿಷಯ ಗೊತ್ತಿರಲಿ: 2024ರಿಂದ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿಯಲ್ಲಿ ಅದೇ ವರ್ಷ ಇನ್ನೊಮ್ಮೆ ಬರೆದು ಮಾರ್ಕ್ಸ್ ಸರಿ ಮಾಡಿಕೊಳ್ಳುವ ಅವಕಾಶ ಇದೆ. ಮಾರ್ಚ್ ತಪ್ಪಿದರೆ ವರ್ಷವೇ ಹೋಯಿತು ಅನ್ನುವ ಕಾಲ ಮುಗಿದಿದೆ.

ನೆಂಟರಿಗೆ ಏನು ಹೇಳುವುದು? 'ಹುಷಾರಿಲ್ಲ, ತೋರಿಸ್ತಿದ್ದೀವಿ.' ಅಷ್ಟೇ. ಅಜ್ಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಾಗ ನಾವು ಬೇಡ ಅನ್ನಲಿಲ್ಲ, ಅವನಿಗೂ ಅಜ್ಜಿ ಜೊತೆ ಬಸ್ಸಿನಲ್ಲಿ ಹೋಗುವುದು ಇಷ್ಟ. ತಾಯತ ಕಟ್ಟಿದರು. ಮಾತ್ರೆ ನಿಲ್ಲಿಸಿ ಅಂದವರ ಮಾತು ಮಾತ್ರ ಕೇಳಲಿಲ್ಲ.

ಅಕ್ಕನ ಬಗ್ಗೆಯೂ ಹೇಳಬೇಕು. ಆ ದಿನಗಳಲ್ಲಿ ಅವಳು ಮೂರು ಕೆಜಿ ಇಳಿದಳು, 'ನನ್ನಿಂದಲೇ ಹೀಗಾಯ್ತು' ಅಂತ ಕೊರಗಿದಳು. ರಾತ್ರಿ ಕಾಯುವ ಸರದಿಯನ್ನು ಭಾವ, ನಾನು ಹಂಚಿಕೊಂಡೆವು. 14416ಕ್ಕೆ ಎರಡನೇ ಸಲ ಫೋನ್ ಮಾಡಿದ್ದು ಅವಳು, ತನಗೋಸ್ಕರ.

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಅದಕ್ಕೇ ಹುಷಾರಾದ ಮೇಲೆ ಡಾಕ್ಟರು ಅವನ ಕೈಯಲ್ಲೇ ಒಂದು ಪಟ್ಟಿ ಬರೆಸಿದರು, ತನಗೆ ತಾನೇ ಗುರುತು ಸಿಗುವ ಹಾಗೆ. ಅಕ್ಕನ ಆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವನ ಕೋಳಿಕಾಲು ಅಕ್ಷರದಲ್ಲಿ ನಾಲ್ಕು ಸಾಲು ಇದೆ. '1. ಎರಡು ದಿನ ಸ್ನಾನ ಬೇಡ ಅನ್ಸಿದ್ರೆ. 2. ಮ್ಯಾಚ್ ಸ್ಕೋರ್ ಕೂಡ ನೋಡದಿದ್ರೆ. 3. ತಂಗಿ ಮಾತಾಡಿದ್ರೆ ಕಿರಿಕಿರಿ ಆದ್ರೆ. 4. ಡಬ್ಬಿ.' ದ್ವಿತೀಯ ಪಿಯುಸಿಯ ಜನವರಿಯಲ್ಲಿ ಒಂದು ಭಾನುವಾರ ಅವನೇ ಫೋನ್ ಮಾಡಿದ. 'ಚಿಕ್ಕಮ್ಮ, ಮೂರನೇದು ಶುರುವಾಗಿದೆ. ಮಂಗಳವಾರ ಕರ್ಕೊಂಡ್ ಹೋಗ್ತೀರಾ?'